ಅವಿರೋಧವಾಗಿ

"ಅದನ್ನ ಒಳಗೆ ತರಬೇಡಿ," ಎಂದು ಅವಳು ಬಾಗಿಲಿಗೆ ಅಡ್ಡವಾಗಿ ಕೈಚಾಚಿದಳು.

ಇಬ್ಬರು ಹೊತ್ತು ತಂದಿದ್ದ ಮರದ ಗೂಡು ಹೊಸ್ತಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ನಿಂತಿತು. ಮೇಲೆ ಕಪ್ಪು ಬಟ್ಟೆ ಹೊದಿಸಿತ್ತು. ಬಟ್ಟೆಯ ಕೆಳಗೆ ಉಗುರು ಹಲಗೆಯನ್ನು ಕೆರೆಯಿತು. ಕುರ್ಚಿ ಸಿಗದೆ ಗೋಡೆಗೊರಗಿ ನಿಂತಿದ್ದ ನೆಂಟರೆಲ್ಲ ಶವಪೆಟ್ಟಿಗೆಯನ್ನು ಬಿಟ್ಟು ಇತ್ತ ತಿರುಗಿದರು. ಬೆಳಗಿನಿಂದ ಒಂದೇ ಮುಖ ನೋಡಿ ಅವರಿಗೂ ಸಾಕಾಗಿತ್ತು.

"ಏನ್ರೀ ಅದು?" ನಾದಿನಿ ಚಹಾದ ತಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದಳು.

"ಹದ್ದು," ಎಂದ ಹೊತ್ತವರಲ್ಲೊಬ್ಬ.

"ಹದ್ದಾ! ಹೆಣ ಇಟ್ಕೊಂಡಿರೋ ಮನೆಗೆ ಹದ್ದು ತರ್ತೀರಾ? ಮಣ್ಣು ಮಾಡೋ ತನಕನಾದ್ರೂ ತಡ್ಕೊಳ್ಳೋಕಾಗ್ಲಿಲ್ವಾ ಅದಕ್ಕೆ?"

ಯಾರಿಗೋ ನಗು ಬಂದು ಅದು ಕೆಮ್ಮಾಗಿ ಹೊರಬಿತ್ತು. ಗೂಡಿನ ಹಿಂದಿನಿಂದ ಪ್ರಾಣಿ ಆರೈಕೆ ಕೇಂದ್ರದ ಅಧ್ಯಕ್ಷರು ಮುಂದೆ ಬಂದರು. ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದ ಅವರಿಗೆ ಯಾವ ಕೋಣೆಗೆ ಕಾಲಿಟ್ಟರೂ ಅಲ್ಲಿರುವವರು ಎದ್ದು ನಿಲ್ಲುತ್ತಾರೇನೋ ಎಂದು ಒಂದು ಕ್ಷಣ ಕಾಯುವ ಅಭ್ಯಾಸವಿತ್ತು. ಇಲ್ಲಿ ಎಲ್ಲರೂ ಮೊದಲೇ ನಿಂತಿದ್ದರಿಂದ ಅವರಿಗೆ ಸಮಾಧಾನವಾದಂತೆ ಕಂಡಿತು.

"ತಾಯೀ," ಎಂದು ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಇದು ಅವರದೇ ಹದ್ದು. ಅವರು ಎಷ್ಟು ತಲೆಕೆಡಿಸಿಕೊಂಡಿದ್ದ ಪಕ್ಷಿ! ಇವತ್ತು ಅವರ ಸಮಾಧಿ ಹತ್ರಾನೇ ಹಾರಿಸ್ತೀವಿ. ಅವರಿಗೆ ನಮ್ಮ ಗೌರವ. ಬಿಡುಗಡೆ ಸಮಿತಿ ತೀರ್ಮಾನ ಮಾಡಿದೆ."

"ಸಮಿತೀಲಿ ಇವರೂ ಇದ್ರಲ್ಲ?"

"ಇದ್ರು, ಇದ್ರು. ತೀರ್ಮಾನ ಆಗಿದ್ದು ಅವಿರೋಧವಾಗಿ."

ಅವಳು ಒಮ್ಮೆ ಪೆಟ್ಟಿಗೆಯಲ್ಲಿದ್ದ ಗಂಡನ ಮುಖ ನೋಡಿದಳು. ಈ ಮನುಷ್ಯ ಇದ್ದ ಕೋಣೆಯಲ್ಲಿ 'ಅವಿರೋಧ' ಎಂಬುದೊಂದು ನಡೆಯಿತೆಂದರೆ ಅವಳು ಹೇಗೆ ನಂಬಬೇಕು? ಚಹಾಕ್ಕೆ ಸಕ್ಕರೆ ಸರಿಯಾಗಿದೆ ಎಂದು ಅವನನ್ನು ಒಪ್ಪಿಸಲು ಅವಳಿಗೆ ಮದುವೆಯಾದ ಇಷ್ಟು ವರ್ಷ ಸಾಲದೇ ಹೋಗಿತ್ತು.

"ಹೊರಗಿಡಿ," ಎಂದಳು. "ಬಿಸಿಲು ಬೀಳದ ಕಡೆ."

*

ಅವನಿಗೆ 'ಬೇಡಪ್ಪ' ಎಂದು ಅಡ್ಡಹೆಸರಿಟ್ಟವರು ಕಟ್ಟಡ ಕಟ್ಟಿಸುವ ಕಂಟ್ರಾಕ್ಟರುಗಳು. ಲಿಫ್ಟ್ ತಪಾಸಣೆ ಅವನ ಕೆಲಸ. ಟಾರ್ಚು ಹಿಡಿದು ಮೇಲಿನ ಯಂತ್ರದ ಕೋಣೆಗೆ ಹತ್ತುವುದು, ಕೆಳಗಿನ ಗುಂಡಿಗೆ ಇಳಿಯುವುದು, ಹಗ್ಗ ಎಳೆಯುವುದು, ಬ್ರೇಕು ಹಿಡಿಯುತ್ತದೋ ಇಲ್ಲವೋ ನೋಡುವುದು, ಕೊನೆಗೆ ಕೈ ಒರೆಸಿಕೊಳ್ಳುತ್ತ "ಬೇಡಪ್ಪ, ಇನ್ನೂ ಆಗಿಲ್ಲ" ಎನ್ನುವುದು. ಅವನ ಒಂದು ಮಾತಿನಿಂದ ಬ್ಯಾಂಕಿನವರು, ಬಾಣಂತಿಯರು, ಪೀಠೋಪಕರಣ ಹೊತ್ತವರು, ಒಮ್ಮೆ ಅವನದೇ ಇಲಾಖೆಯ ದೊಡ್ಡ ಸಾಹೇಬರು, ಎಲ್ಲ ಮೆಟ್ಟಿಲು ಹತ್ತಿದ್ದರು. ಸ್ವಂತ ಮಗನ ಮದುವೆಯ ದಿನ ಛತ್ರದ ಲಿಫ್ಟಿನಲ್ಲಿ ಅದೇನೋ ಸದ್ದು ಕೇಳಿಸಿತೆಂದು ಅದಕ್ಕೆ ಬೀಗ ಜಡಿಸಿದ್ದ. ಬೀಗರು ನಾಲ್ಕನೇ ಮಹಡಿಗೆ ಏದುಸಿರು ಬಿಡುತ್ತ ಬಂದರು. ತನ್ನ ಮೊಣಕಾಲು ಹಾಳಾಗಿದ್ದು ಆ ದಿನದಿಂದಲೇ ಎಂದು ನಾದಿನಿ ಇವತ್ತಿಗೂ ಹೇಳುತ್ತಾಳೆ.

ಇದನ್ನೆಲ್ಲ ದೊಡ್ಡ ಗುಣವೆಂದು ಅವಳು ಎಂದೂ ತಿಳಿದವಳಲ್ಲ. ಲಿಫ್ಟಿಗೆ 'ಬೇಡ' ಎನ್ನುವವನು ಮನೆಗೆ ಬಂದು ನೀಲಿ ಪರದೆಗೂ ಬೇಡ, ನಾಯಿಗೂ ಬೇಡ, ಅವಳ ಔಷಧಿ ಅಂಗಡಿಯನ್ನು ಪಕ್ಕದ ಮಳಿಗೆಗೆ ವಿಸ್ತರಿಸುವುದಕ್ಕೂ ಬೇಡ ಎಂದಿದ್ದ. ಆ ಕೊನೆಯ 'ಬೇಡ'ವನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ. ಪಕ್ಕದ ಮಳಿಗೆಯಲ್ಲಿ ಈಗ ಮೊಬೈಲ್ ಅಂಗಡಿಯವನು ಚೆನ್ನಾಗಿ ಬದುಕುತ್ತಿದ್ದ.

ನಿವೃತ್ತನಾದ ಮೇಲೆ ಅವನು ಮನೆಯನ್ನು ತಪಾಸಣೆ ಮಾಡತೊಡಗಿದ. ನಲ್ಲಿ, ಸ್ಟೂಲು, ಅವಳು ಕುಕ್ಕರಿನ ಮುಚ್ಚಳ ಹಾಕುವ ರೀತಿ. ಅಂಗಡಿಯ ಗಾಜಿಗೆ ಯಾರೋ ಒಂದು ಪ್ರಕಟಣೆ ಅಂಟಿಸಿ ಹೋಗಿದ್ದರು: ಗಾಯಗೊಂಡ ಕಾಡುಪ್ರಾಣಿಗಳನ್ನು ಗುಣಪಡಿಸಿ ಮತ್ತೆ ಬಿಟ್ಟುಬರುವ ಆರೈಕೆ ಕೇಂದ್ರಕ್ಕೆ ಸಲಹಾ ಸಮಿತಿಗಳಲ್ಲಿ ಕೂರಲು ಸ್ವಯಂಸೇವಕರು ಬೇಕಾಗಿದ್ದಾರೆ. ಅವಳೇ ಅದನ್ನು ಕಿತ್ತು ತಂದು ಅವನ ಮುಂದೆ ಹಿಡಿದಳು. "ಹೋಗಿ. ಅಲ್ಲಾದ್ರೂ ಬೇಡ ಅನ್ನಿ. ಪ್ರಾಣಿಗಳು ತಿರುಗಿ ಮಾತಾಡಲ್ಲ."

ಆ ಕೇಂದ್ರದಲ್ಲಿ ಪ್ರಾಣಿಗಳಿಗಿಂತ ಸಮಿತಿಗಳೇ ಹೆಚ್ಚಿದ್ದವು. ಆಹಾರ ಸಮಿತಿ, ಕಟ್ಟಡ ಸಮಿತಿ, ಪ್ರಚಾರ ಸಮಿತಿ. ಪ್ರಚಾರ ಸಮಿತಿಗೊಂದು ಉಪಸಮಿತಿ. ಅವನನ್ನು ಬಿಡುಗಡೆ ಸಮಿತಿಗೆ ಹಾಕಿದರು. ಗುಣವಾದ ಪ್ರಾಣಿ ಹೊರಗೆ ಬದುಕುತ್ತದೋ ಇಲ್ಲವೋ ನೋಡಿ ಸಲಹೆ ಕೊಡುವುದು ಅದರ ಕೆಲಸ. ಮೊದಲ ಸಭೆಯಿಂದ ಅವನು ಮನೆಗೆ ಮರಳಿದ್ದು ಹತ್ತು ವರ್ಷ ಚಿಕ್ಕವನಾಗಿ.

"ಏನಾಯ್ತು?" ಎಂದು ಕೇಳಿದಳು.

"ಒಂದು ಮುಂಗುಸಿ. ಹಿಂಗಾಲು ಊರ್ತಾ ಇರ್ಲಿಲ್ಲ," ಎಂದು ಚಪ್ಪಲಿ ಬಿಡುತ್ತ ಹೇಳಿದ. "ಇನ್ನೂ ಆಗಿಲ್ಲ ಅಂದೆ."

*

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದವಳು ಕೇಂದ್ರದ ಪಶುವೈದ್ಯೆ. ಸಣ್ಣ ವಯಸ್ಸಿನ ಹುಡುಗಿ. ಮುಂಗೈ ತುಂಬ ಹಳೆಯ ಗೀರುಗಳು. ಯಾರೂ ಹೇಳದೆಯೇ ಬಂದು ತೊಳೆಯುತ್ತಿದ್ದಳು, ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು.

"ಬಿಡಮ್ಮ, ಹೊಳೆದಿದ್ದು ಸಾಕು," ಎಂದು ಅವಳು ನಲ್ಲಿ ನಿಲ್ಲಿಸಿದಳು. "ಏನೋ ಹೇಳೋಕೆ ಬಂದಿದೀಯ. ಹೇಳು."

"ಆಂಟಿ, ಅದು ಅವಿರೋಧ ಅಲ್ಲ."

"ಗೊತ್ತು."

"ಎದ್ದು ನಿಂತು 'ಬೇಡ' ಅಂದ್ರು. ಕಾರಣ ಹೇಳೋಕೆ ಶುರು ಮಾಡಿದ್ರು. ಹಾಗೇ ಮೇಜಿಗೆ ಕೈಯೂರಿ ಕೂತ್ರು, ಆಮೇಲೆ ಕೆಳಗೆ ಬಿದ್ರು."

"ಆಸ್ಪತ್ರೇಲಿ ಹೇಳಿದ್ರು. ಸಭೆ ಮುಗಿದ ಮೇಲೆ ಬಿದ್ರು ಅಂತ ಹೇಳಿದ್ರು."

ಹುಡುಗಿ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿ, ಸಿಗದೆ, ಒದ್ದೆ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡಳು. "ಸಭೆ ಮುಗಿದಿರ್ಲಿಲ್ಲ. ನಾನು ಎದೆ ಒತ್ತುತಾ ಇದ್ದೆ. ನಾನು ಪ್ರಾಣಿ ಡಾಕ್ಟ್ರು, ಆಂಟಿ, ಆದ್ರೆ ಬೇರೆ ಯಾರೂ ಇರ್ಲಿಲ್ಲ. ಆಂಬುಲೆನ್ಸ್ ತಡ ಆಯ್ತು. ಆವಾಗ ಅಧ್ಯಕ್ಷರು, 'ಹೇಗೂ ಕಾಯ್ತಾ ಇದೀವಿ, ಒಂದೇ ವಿಷಯ ಉಳಿದಿದೆ, ಮುಗಿಸಿಬಿಡೋಣ' ಅಂದ್ರು. ಕೈ ಎತ್ತಿಸಿದ್ರು."

"ಇವರು?"

"ನೆಲದ ಮೇಲಿದ್ರು."

"ನೀನು?"

"ನಾನು ಸಂಬಳದವಳು. ನನಗೆ ಮತ ಇಲ್ಲ." ಹುಡುಗಿ ತನ್ನ ಒದ್ದೆ ಕೈಗಳನ್ನು ನೋಡಿಕೊಂಡಳು. "ಮತ ಇದ್ದಿದ್ರೂ ಎತ್ತೋಕೆ ಕೈ ಖಾಲಿ ಇರ್ಲಿಲ್ಲ."

ಅವಳು ಹುಡುಗಿಯ ಕೈಗೆ ತನ್ನ ಸೆರಗನ್ನೇ ಕೊಟ್ಟಳು. ಆ ಹುಡುಗಿ ಒರೆಸಿಕೊಂಡು ಮುಗಿಸುವ ತನಕ ಕಾದಳು. ಆಮೇಲೆ ತಟ್ಟೆಯಲ್ಲಿ ಒಂದು ಲೋಟ ಚಹಾ ಇಟ್ಟುಕೊಂಡು ಹೊರಗೆ ನಡೆದಳು. ಬೆಳಗಿನಿಂದ ಅಳುವೇನೋ ಎಂದುಕೊಂಡಿದ್ದದ್ದು ಅಳುವಾಗಿರಲಿಲ್ಲ ಎಂಬುದು ಅವಳಿಗೆ ಈಗ ತಿಳಿಯಿತು.

ಅಧ್ಯಕ್ಷರು ಗೇಟಿನ ಬಳಿ ನೆರಳಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕಾರ್ಯದರ್ಶಿ, ಮಾತಾಡುವಾಗಲೂ ಫೋನಿನಿಂದ ಕಣ್ಣೆತ್ತದ ಹೆಂಗಸು.

"ಚಹಾ ತಗೊಳ್ಳಿ," ಎಂದಳು ಅವಳು. "ಇವರು ಬಿದ್ದ ಮೇಲೆ ಕೈ ಎತ್ತಿಸಿದ್ರಂತೆ."

ಅಧ್ಯಕ್ಷರು ಚಹಾ ತೆಗೆದುಕೊಂಡರು. ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಬೇಕಾದ ಸಂಗತಿಯೆಂದೇ ಅವರಿಗೆ ಅನಿಸಿರಲಿಲ್ಲ. "ನಿಯಮದ ಪ್ರಕಾರ ಏನೂ ತಪ್ಪಿಲ್ಲ ತಾಯೀ. ಮೂರು ಜನ ಹಾಜರಿದ್ರೆ ಕೋರಂ. ನಾನು, ಇವರು, ನಿಮ್ಮ ಯಜಮಾನ್ರು. ಅವರು ಸಭೆಯಿಂದ ಹೊರಗೆ ಹೋಗಿರ್ಲಿಲ್ಲ."

"ಅಂದ್ರೆ ಕೋರಂಗೆ ಬದುಕಿದ್ರು, ಓಟಿಗೆ ಸತ್ತಿದ್ರು."

"ಹಾಗೆಲ್ಲ ಅನ್ನಬಾರದು..."

"ಮತ್ತೆ ಹೇಗೆ ಅನ್ನಬೇಕು? ನೀವು ಓದಿದವರು, ಹೇಳಿಕೊಡಿ."

ಕಾರ್ಯದರ್ಶಿ ಮೊದಲ ಬಾರಿಗೆ ಕಣ್ಣೆತ್ತಿದಳು. "ಮೇಡಂ, ಹೊಸ ದೊಡ್ಡ ಪಂಜರದ ಉದ್ಘಾಟನೆ ಇದೆ. ಹಳೇ ಪಕ್ಷಿ ಹಾರಿತು ಅಂತ ಜನಕ್ಕೆ ತೋರಿಸ್ಬೇಕು. ಸಂಸ್ಥೆಯ ಕ್ಯಾಲೆಂಡರಿನಲ್ಲಿ ಇರೋದೂ ಅದೇ ಪಕ್ಷಿ. ಸಾರ್ ಹೆಸರಲ್ಲಿ ಹಾರಿದ್ರೆ ಅವರಿಗೂ..."

"ಅದಕ್ಕೆ ಬೇಟೆ ಆಡೋಕೆ ಬರುತ್ತಾ?"

"ಪ್ರಕೃತಿ ಕಲಿಸುತ್ತೆ," ಎಂದರು ಅಧ್ಯಕ್ಷರು.

ಅಷ್ಟು ಹೊತ್ತಿಗೆ ಮಗ ಬಂದು ಅವಳ ಮೊಣಕೈ ಹಿಡಿದ. "ಅಮ್ಮಾ, ಗಾಡಿ ಬಂತು. ಇವತ್ತೊಂದಿನ ಜಗಳ ಬೇಡಮ್ಮ."

"ಇವತ್ತಲ್ದೆ ಇನ್ಯಾವತ್ತೋ?" ಅವಳ ದನಿ ನಡುಮನೆಯ ತನಕ ಹೋಯಿತು. ಒಳಗೆ ನಾದಿನಿಯ ಅಳು ಗಕ್ಕನೆ ನಿಂತಿತು. "ಕೇಳಿಸ್ಕೊಳ್ಳಿ. ಆ ಹದ್ದು ಕೇಂದ್ರಕ್ಕೆ ವಾಪಸ್ ಹೋಗೋ ತನಕ ಇವರು ಈ ಮನೆ ಬಿಟ್ಟು ಕದಲಲ್ಲ. ನಾಳೆ ಆದ್ರೆ ನಾಳೆ. ವಾಸನೆ ಬಂದ್ರೆ ಬರ್ಲಿ."

"ನೀವು ಸಮಿತಿ ಸದಸ್ಯರಲ್ಲ ತಾಯೀ," ಎಂದರು ಅಧ್ಯಕ್ಷರು ಮೆಲ್ಲಗೆ, ತರಗತಿಯಲ್ಲಿ ತಪ್ಪು ಉತ್ತರ ಹೇಳಿದವಳಿಗೆ ಹೇಳುವಂತೆ. ಆಮೇಲೆ ಸುತ್ತ ಕೂಡುತ್ತಿದ್ದ ನೆಂಟರನ್ನು ನೋಡಿ, "ಆಯ್ತು, ನಿಮ್ಮಿಷ್ಟ. ದುಃಖದಲ್ಲಿದೀರಿ. ಮನೆಯಿಂದ ತೆಗೆದುಕೊಂಡು ಹೋಗ್ತೀವಿ," ಎಂದು ಕೇಂದ್ರದ ವ್ಯಾನಿನವನಿಗೆ ಕೈ ಮಾಡಿದರು. ಗೂಡು ವ್ಯಾನಿನೊಳಗೆ ಹೋಯಿತು, ಬಾಗಿಲು ಮುಚ್ಚಿತು, ವ್ಯಾನು ತಿರುವಿನಲ್ಲಿ ಮರೆಯಾಯಿತು.

"ಭೇಷ್ ಅತ್ತಿಗೆ," ಎಂದಳು ನಾದಿನಿ ಕಿವಿಯ ಬಳಿ. "ನಮ್ಮಣ್ಣ ಸತ್ತಿಲ್ಲ ಬಿಡು, ನಿನ್ನೊಳಗೆ ಬಂದು ಕೂತಿದಾನೆ."

"ಬಾಯ್ಮುಚ್ಚು," ಎಂದಳು ಅವಳು.

*

ಆ ಹದ್ದನ್ನು ಅವಳು ನೋಡಿದ್ದು ಒಮ್ಮೆ. ಬಿ.ಪಿ. ಮಾತ್ರೆ ಮರೆತು ಹೋಗಿದ್ದನೆಂದು ಅಂಗಡಿಗೆ ಬೀಗ ಹಾಕಿ ಕೇಂದ್ರಕ್ಕೆ ಹೋಗಿದ್ದಳು, ಬೈಯುವ ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡು. ಅವಳು ಬಾಯಿ ತೆರೆಯುವ ಮೊದಲೇ ಅವನು ತುಟಿಯ ಮೇಲೆ ಬೆರಳಿಟ್ಟ. ಅಲ್ಲಿ ಪ್ರಾಣಿಗಳ ಮುಂದೆ ಯಾರೂ ಮಾತಾಡುವಂತಿರಲಿಲ್ಲ. ಮುದ್ದು ಮಾಡುವಂತಿರಲಿಲ್ಲ, ಹೆಸರಿಡುವಂತಿರಲಿಲ್ಲ. ಊಟ ಕೊಡುವವರು ಮುಖ ಮುಚ್ಚಿಕೊಂಡು, ತಡಿಕೆಯ ಹಿಂದಿನಿಂದ ಚಿಮಟದಲ್ಲಿ ಚಾಚಬೇಕು. ಮನುಷ್ಯರನ್ನು ಕಂಡರೆ ಅವು ಹೆದರಬೇಕು, ಆ ಹೆದರಿಕೆಯೇ ಅವುಗಳ ಆಸ್ತಿ ಎಂದು ಅವನು ಮನೆಯಲ್ಲಿ ಹೇಳುತ್ತಿದ್ದ. ಅವಳಿಗೂ ಒಂದು ಮುಸುಕು ಕೊಟ್ಟು ಗೋಡೆಯ ಸೀಳಿನ ಬಳಿ ನಿಲ್ಲಿಸಿದ.

ಸೀಳಿನ ಆಚೆ ಅಧ್ಯಕ್ಷರು ಮುಸುಕಿಲ್ಲದೆ ನಿಂತಿದ್ದರು, ಮೊಮ್ಮಕ್ಕಳ ಜತೆ. ಭಾನುವಾರ ಭಾನುವಾರ ಬರುತ್ತಿದ್ದರಂತೆ. ಬೆರಳಲ್ಲಿ ಮಾಂಸದ ತುಂಡು ಹಿಡಿದು ಕೈ ಮೇಲೆತ್ತಿದರು. ಎದುರಿನ ಕೊಂಬೆಯಿಂದ ಹದ್ದು ಧೊಪ್ಪನೆ ಇಳಿಯಿತು. ಪೂರ್ತಿ ಬೆಳೆದ ಹಕ್ಕಿ. ಎರಡು ರೆಕ್ಕೆಗಳನ್ನೂ ನೆಲಕ್ಕೆ ಜೋಲು ಬಿಟ್ಟು ಗಡಗಡ ನಡುಗಿಸುತ್ತ, ಬಾಯಿ ಅಗಲಿಸಿ, ಗೂಡಿನೊಳಗಿನ ಮರಿಯಂತೆ ಚೀರಿತು. ಮೊಮ್ಮಕ್ಕಳು ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು.

ಮನೆಗೆ ಬರುವ ದಾರಿಯಲ್ಲಿ ಅವಳೇ ಕೇಳಿದಳು. "ಅದಕ್ಕೆ ತನ್ನ ಅಮ್ಮ ಯಾರು ಅಂತಾನೇ ಗೊತ್ತಿಲ್ವಾ?"

"ಗೊತ್ತು. ಕೈ ಎತ್ತಿದವರೆಲ್ಲ ಅಮ್ಮ."

"ಮತ್ತೆ ನೀವು ಯಾಕೆ ಸುಮ್ಮನಿದೀರಿ? ನನ್ನ ಪರದೆಗೆ ಬೇಡ ಅಂತೀರಿ, ಆ ಮನುಷ್ಯನಿಗೆ ಬೇಡ ಅನ್ನೋಕೆ ನಾಲಿಗೆ ಇಲ್ವಾ?"

"ಮುಂದಿನ ಸಭೇಲಿ ವಿಷಯ ಎತ್ತುತೀನಿ ಕಣೇ. ಎಲ್ಲಕ್ಕೂ ಒಂದು ಕ್ರಮ ಇದೆ."

ಅವನು ಆ ವಿಷಯವನ್ನು ಮುಂದಿನ ಸಭೆಯಲ್ಲಿ ಎತ್ತಿದ. ಅದರ ಮುಂದಿನ ಸಭೆಯಲ್ಲೂ ಎತ್ತಿದ. ಅಧ್ಯಕ್ಷರು ಪ್ರತಿ ಸಲವೂ ಅದನ್ನು 'ಗಮನಿಸಲಾಯಿತು' ಎಂದು ಬರೆಸಿ, ಭಾನುವಾರ ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ಅವನು ಊಟದ ತಟ್ಟೆಯ ಮುಂದೆ ಕೂತು, ಮುಂದಿನ ಸಲ ಹೇಳಬೇಕಾದದ್ದನ್ನು ತುಟಿ ಅಲ್ಲಾಡಿಸುತ್ತ ಅಭ್ಯಾಸ ಮಾಡುತ್ತಿದ್ದ. ಆ ತುಟಿಗಳನ್ನು ನೋಡಿದರೆ ಅವಳಿಗೆ ತಟ್ಟೆ ಎತ್ತಿ ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಸಭ್ಯನಾಗಿ ಇದ್ದು ಇದ್ದೇ ಸತ್ತ, ಅಷ್ಟೇ.

*

ಸ್ಮಶಾನದ ಗೇಟಿನ ಒಳಗೆ, ಅಗೆದ ಗುಂಡಿಯಿಂದ ಸ್ವಲ್ಪವೇ ದೂರದಲ್ಲಿ, ಆ ವ್ಯಾನು ನಿಂತಿತ್ತು.

ಅವಳು ಗಾಡಿಯಿಂದ ಇಳಿಯುತ್ತಲೇ ಅದನ್ನು ಕಂಡಳು. ಮಗನೂ ಕಂಡ. "ಅಮ್ಮಾ..." ಎಂದು ಶುರು ಮಾಡಿ, ಅವಳ ಮುಖ ನೋಡಿ ಬಿಟ್ಟುಬಿಟ್ಟ. ಶವಪೆಟ್ಟಿಗೆಯನ್ನು ಗುಂಡಿಯ ಪಕ್ಕದ ಹಲಗೆಗಳ ಮೇಲಿಳಿಸಿದರು. ಕಾರ್ಯದರ್ಶಿ ಚೀಲದಿಂದ ಸಂಸ್ಥೆಯ ಹಸಿರು ಬಾವುಟ ತೆಗೆದು ಅದರ ಮೇಲೆ ಹೊದಿಸಿದಳು. ಬಿಚ್ಚಿದ ಅಂಗೈ, ಅದರ ಮೇಲೊಂದು ರೆಕ್ಕೆ: ಸಂಸ್ಥೆಯ ಚಿಹ್ನೆ. ಸುಕ್ಕು ಬಿಡಿಸಿ, ಚಿಹ್ನೆ ಸರಿಯಾಗಿ ನಡುವೆ ಬರುವಂತೆ ಎಳೆದು, ಫೋನು ಎತ್ತಿ ಹಿಡಿದಳು.

"ನೀವು ಮಾತು ಕೊಟ್ರಿ," ಎಂದಳು ಅವಳು ಅಧ್ಯಕ್ಷರಿಗೆ.

"ಮನೆಯಿಂದ ತೆಗೆದುಕೊಂಡು ಹೋಗ್ತೀವಿ ಅಂದೆ ತಾಯೀ. ತೆಗೆದುಕೊಂಡು ಹೋದ್ವಿ." ಅವರು ಜನರತ್ತ ತಿರುಗಿದರು. "ಬಂಧುಗಳೇ, ಈ ಮಹನೀಯರು ತಮ್ಮ ಇಳಿವಯಸ್ಸನ್ನೆಲ್ಲ ಮೂಕ ಜೀವಿಗಳಿಗೆ..."

ವ್ಯಾನಿನವನು ಗೂಡಿನ ಬಾಗಿಲು ಎತ್ತಿದ. ಅವಳು ಅತ್ತ ಹೆಜ್ಜೆ ಹಾಕುವಷ್ಟರಲ್ಲಿ ಹದ್ದು ಹೊರಗಿತ್ತು. ಒಂದು ಗಳಿಗೆ ಅದು ಹಾರಿತು, ನಿಜವಾಗಿಯೂ ಹಾರಿತು. ದೊಡ್ಡ ಕಂದು ರೆಕ್ಕೆಗಳು ಎರಡು ಸಲ ಗಾಳಿಯನ್ನು ಬಡಿದು ಎಲ್ಲರ ತಲೆಗಿಂತ ಮೇಲೇರಿದವು. ನೆಂಟರು ಬಾಯಿ ತೆರೆದು ನೋಡಿದರು. ನಾದಿನಿ ಕೂಡ "ಅಬ್ಬಾ" ಎಂದಳು. ಅವಳಿಗೂ ಒಂದು ಕ್ಷಣ, ತನ್ನ ಗಂಡನೇ ಸುಮ್ಮನೆ ಹಟ ಹಿಡಿದಿದ್ದನೇನೋ ಎನಿಸಿತು.

"ನೋಡಿ!" ಎಂದು ಅಧ್ಯಕ್ಷರು ಕೈ ಮೇಲೆತ್ತಿ ತೋರಿಸಿದರು.

ಎತ್ತಿದ ಕೈಯನ್ನು ಹದ್ದೂ ನೋಡಿತು. ಗಾಳಿಯಲ್ಲೇ ಹೊರಳಿ ನೇರ ಬಂದು ಅವರ ಮುಂಗೈ ಮೇಲೆ ಇಳಿಯಿತು. ಉಗುರುಗಳು ಬಿಳಿಯ ಅಂಗಿಯ ತೋಳನ್ನು ಹರಿದುಕೊಂಡು ಚರ್ಮಕ್ಕೆ ಇಳಿದವು. "ಅಯ್ಯೋ! ತೆಗೀರಿ! ತೆಗೀರೋ ಇದನ್ನ!" ಮೂವತ್ತು ವರ್ಷ ವೇದಿಕೆಯ ಮೇಲೆ ಎಂದೂ ಏರದಿದ್ದ ದನಿಯೊಂದು ಅವರ ಗಂಟಲಿನಿಂದ ಹೊರಬಂತು. ಕೈಯನ್ನು ಝಾಡಿಸಿ ಬೀಸಿದರು. ಹಕ್ಕಿ ಅಗೆದ ಮಣ್ಣಿನ ಗುಡ್ಡೆಗೆ ಬಡಿದು ಉರುಳಿ ಎದ್ದಿತು.

ಎದ್ದು, ಎರಡು ರೆಕ್ಕೆಗಳನ್ನೂ ಮಣ್ಣಿಗೆ ಜೋಲು ಬಿಟ್ಟು, ನಡುಗಿಸುತ್ತ, ಬಾಯಿ ಅಗಲಿಸಿತು. ಬಾಯೊಳಗೆಲ್ಲ ಕೆಂಪು. ಮೊದಲು ಅಧ್ಯಕ್ಷರಿಗೆ ಚೀರಿತು. ಆಮೇಲೆ ಕಾರ್ಯದರ್ಶಿಗೆ. ಆಮೇಲೆ ಸಾಲಾಗಿ ನಿಂತ ನೆಂಟರಿಗೆ, ಒಬ್ಬೊಬ್ಬರಿಗೂ, ಅವರವರ ಮುಂದೆ ಕುಪ್ಪಳಿಸಿ ಹೋಗಿ. ಜನ ಹಿಂದೆ ಹಿಂದೆ ಸರಿದರು. "ಕಚ್ಚುತ್ತೆ, ಕಚ್ಚುತ್ತೆ!" ಎಂದು ಯಾರೋ ಕೂಗಿದರು. ಗುಂಡಿ ತೋಡುವವನು ಗುದ್ದಲಿ ಎತ್ತಿದ.

"ಹೊಡೀಬೇಡಿ!" ಪಶುವೈದ್ಯೆ ವ್ಯಾನಿನ ಆಚೆಯಿಂದ ಓಡಿ ಬರುತ್ತಿದ್ದಳು. "ಬಟ್ಟೆ! ತಲೆ ಮೇಲೆ ಬಟ್ಟೆ ಹಾಕಿ, ಯಾರಾದ್ರೂ!"

ಎಲ್ಲರೂ ತಮ್ಮ ತಮ್ಮ ಬಟ್ಟೆ ನೋಡಿಕೊಂಡರು. ಅವಳು ಶವಪೆಟ್ಟಿಗೆಯ ಮೇಲಿನ ಬಾವುಟದ ತುದಿ ಹಿಡಿದು ಒಂದೇ ಸೆಳೆತಕ್ಕೆ ಎಳೆದಳು.

"ಮೇಡಂ, ಅದು ಸಂಸ್ಥೆಯ..." ಎಂದಳು ಕಾರ್ಯದರ್ಶಿ.

ಹದ್ದು ಅವಳ ಎತ್ತಿದ ಕೈಗಳನ್ನು ನೋಡಿ ಅವಳ ಕಡೆಗೇ ಬಾಯಿ ಬಿಟ್ಟುಕೊಂಡು ಬಂತು. ಅವಳು ಬಾವುಟವನ್ನು ಅದರ ಮೇಲೆ ಬೀಸಿ, ಮಂಡಿಯೂರಿ, ರೆಕ್ಕೆಗಳೆರಡೂ ಒಳಗೆ ಬರುವಂತೆ ಅವುಚಿ ಹಿಡಿದಳು. ಒಂದು ಉಗುರು ಬಟ್ಟೆ ದಾಟಿ ಅವಳ ಹೆಬ್ಬೆರಳಿಗೆ ತಾಗಿತು. ಅವಳು ಬಿಡಲಿಲ್ಲ. ಎದ್ದು ನಿಂತಳು.

"ಕೊಡಿ ಆಂಟಿ," ಎಂದಳು ಪಶುವೈದ್ಯೆ ಏದುಸಿರು ಬಿಡುತ್ತ.

"ಇಲ್ಲ."

ಅಧ್ಯಕ್ಷರು ಹರಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಬಣ್ಣಗೆಟ್ಟ ಮುಖದಲ್ಲೂ ಅವರಿಗೆ ಮಾತು ಮಿಕ್ಕಿತ್ತು. "ತಾಯೀ, ಅದನ್ನ ಸಂಸ್ಥೆಯವರಿಗೆ ಒಪ್ಪಿಸಿ. ಮುಂದಿನ ಸಭೆಯಲ್ಲಿ..."

"ಕೈ ಎತ್ತಿಸಿ," ಎಂದಳು ಅವಳು. "ಈಗಲೇ, ಇಲ್ಲೇ ಎತ್ತಿಸಿ. ಹೇಗೂ ಕಾಯ್ತಾ ಇದೀವಲ್ಲ. ಒಬ್ಬರು ಮಲಗಿದಾರೆ, ಕೋರಂ ಇದೆ. ಇದನ್ನ ಇನ್ನೊಂದು ಸಲ ಬಿಡ್ತೀವಿ ಅನ್ನೋರು ಈ ಪೆಟ್ಟಿಗೆ ಮುಂದೆ ಕೈ ಎತ್ತಿ. ನೋಡೇ ಬಿಡ್ತೀನಿ."

ಕಾರ್ಯದರ್ಶಿಯ ಫೋನು ಮೆಲ್ಲಗೆ ಕೆಳಗಿಳಿಯಿತು. ಅಧ್ಯಕ್ಷರು ತೋಳಿನಿಂದ ಕೈ ತೆಗೆಯಲಿಲ್ಲ. ಒಂದು ಕೈಯೂ ಮೇಲೇಳಲಿಲ್ಲ. ಗುಂಡಿ ತೋಡುವವನು ಸಹ, ತನ್ನನ್ನೂ ಲೆಕ್ಕಕ್ಕೆ ಹಿಡಿದಾರೆಂದೋ ಏನೋ, ಗುದ್ದಲಿಯನ್ನು ನೆಲಕ್ಕಿಟ್ಟ.

"ಇಳಿಸಿ," ಎಂದಳು ಅವಳು ಮಗನಿಗೆ.

ಹಗ್ಗ ಸರಿಯುವ ಸದ್ದಿನೊಂದಿಗೆ ಶವಪೆಟ್ಟಿಗೆ ಬರಿ ಮರದಲ್ಲಿ ಕೆಳಗೆ ಹೋಯಿತು. ಮಗ ಮೊದಲ ಹಿಡಿ ಮಣ್ಣು ಹಾಕಿದ. ಆಮೇಲೆ ಎಲ್ಲರೂ ಅವಳಿಗಾಗಿ ದಾರಿ ಬಿಟ್ಟರು. ನಾದಿನಿ ತಾನೇ ಒಂದು ಹಿಡಿ ಮಣ್ಣು ತೆಗೆದು ಅವಳ ಮುಂದೆ ಹಿಡಿದಳು.

"ಅತ್ತಿಗೆ... ಅದನ್ನ ಆ ಹುಡುಗಿ ಕೈಗೆ ಕೊಟ್ಟು ಒಂದು ಹಿಡಿ ಹಾಕು. ಒಂದೇ ನಿಮಿಷ."

ಅವಳು ಗುಂಡಿಯ ಅಂಚಿಗೆ ಬಂದು ನಿಂತಳು. ಎರಡು ಕೈಗಳಿಂದಲೂ ಎದೆಗೆ ಅವುಚಿಕೊಂಡಿದ್ದ ಹಸಿರು ಗಂಟಿನ ಮೇಲೆ, ಅಂಗೈ ಚಿಹ್ನೆಯ ನಡುಭಾಗದಲ್ಲಿ, ಬಟ್ಟೆ ಮೇಲೆದ್ದು ಕೆಳಗಿಳಿಯುತ್ತಿತ್ತು. ಒಳಗೆ ಕತ್ತಲಲ್ಲಿ ಅದು ಇನ್ನೂ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಹೆಬ್ಬೆರಳಿನಿಂದ ಇಳಿದ ರಕ್ತ ಅವಳ ಮಣಿಕಟ್ಟಿನ ತನಕ ಹರಿದು ಬಂದಿತ್ತು. ನಾದಿನಿಯ ಮುಷ್ಟಿಯಿಂದ ಮಣ್ಣು ಬೆರಳಸಂದಿಯಲ್ಲಿ ಸ್ವಲ್ಪಸ್ವಲ್ಪವೇ ಸೋರಿ ಕೆಳಗಿನ ಮರದ ಮೇಲೆ ಬೀಳುತ್ತಿತ್ತು. ಅವಳು ಹಿಡಿತ ಸಡಿಲಿಸಲಿಲ್ಲ.